ಡಾಕ್ಟರಮ್ಮನ ಅಂಚೆ: ಮೈಗೂ ನೆನಪಿರುತ್ತದೆ

ಈ ಸಲ ಬಂದ ಪತ್ರಗಳನ್ನು ರಾತ್ರಿ ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಕೂತು ಓದಿದೆ. ಊರು ಬೇರೆ, ಕಾಯಿಲೆ ಬೇರೆ. ಆದರೆ ಹೆಚ್ಚು ಕಡಿಮೆ ಎಲ್ಲರೂ ಕೇಳಿರುವುದು ಒಂದೇ ವಿಷಯ. ಕಾಯಿಲೆ ತಡೆಯುವ ಶಕ್ತಿ ಮೈಗೆ ಎಲ್ಲಿಂದ ಬರುತ್ತದೆ? ಬರಲು ಎಷ್ಟು ದಿನ ಬೇಕು? ಬಂದದ್ದು ಉಳಿಯುತ್ತದಾ? ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವಕ್ಕೆಲ್ಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನಗೆ 63 ವರ್ಷ. ಇಬ್ಬರು ಮೊಮ್ಮಕ್ಕಳಿಗೂ ಒಬ್ಬರಾದ ಮೇಲೆ ಒಬ್ಬರಿಗೆ ಅಮ್ಮ ಆಯಿತು. ಡಾಕ್ಟರು ಚಿಕನ್ ಪಾಕ್ಸ್ ಅಂದರು. ಮೂರು ವಾರ ಅವರ ಪಕ್ಕದಲ್ಲೇ ಮಲಗಿದ್ದೆ. ನನಗೆ ಒಂದು ಗುಳ್ಳೆಯೂ ಏಳಲಿಲ್ಲ. ಸೊಸೆಗೆ ಮಾತ್ರ ಬಂತು. ನನಗೆ ಚಿಕ್ಕಂದಿನಲ್ಲಿ ಬಂದಿತ್ತು ಅಂತ ನಮ್ಮಮ್ಮ ಹೇಳುತ್ತಿದ್ದರು. ನನಗಂತೂ ನೆನಪಿಲ್ಲ. ಅಷ್ಟು ಹಳೆಯದು ಈಗಲೂ ಕಾಯುತ್ತದಾ?
— ಒಬ್ಬ ಓದುಗರು, ಚೇಳೂರು

ಉತ್ತರ: ಕಾಯುತ್ತದೆ ತಾಯಿ. ನಿಮಗೆ ನೆನಪಿಲ್ಲ, ನಿಮ್ಮ ಮೈಗೆ ನೆನಪಿದೆ.

ನಮ್ಮ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆ ಇತ್ತು. ಬಲಗೆನ್ನೆಯ ಮೇಲೆ ಒಂದು ಗುಳಿ, ನನ್ನ ಕಿರುಬೆರಳಿನ ತುದಿ ಸರಿಯಾಗಿ ಕೂರುವಷ್ಟು. ಚಿಕ್ಕವಳಿದ್ದಾಗ ಅವರ ತೊಡೆಯ ಮೇಲೆ ಕೂತು ಅದರಲ್ಲಿ ಬೆರಳಿಟ್ಟು ನೋಡುತ್ತಿದ್ದೆ. ಅವರು ಸುಮ್ಮನೆ ಇಡಿಸಿಕೊಳ್ಳುತ್ತಿದ್ದರು. ಊರಲ್ಲಿ ಯಾರ ಮನೆಯಲ್ಲಿ ಸಿಡುಬು ಕಾಣಿಸಿಕೊಂಡರೂ ಅಜ್ಜಿಯನ್ನೇ ಕರೆಸುತ್ತಿದ್ದರಂತೆ. ಬೇರೆಯವರು ಹೊಸಿಲು ದಾಟಲು ಹೆದರುವ ಮನೆಗೆ ಇವರು ಗಂಜಿ ಹಿಡಿದು ಹೋಗುತ್ತಿದ್ದರು. 'ನಂಗೆ ಒಂದ್ಸಲ ಬಂದು ಹೋಗೈತೆ, ಇನ್ನೊಂದ್ಸಲ ಬರಲ್ಲ' ಎನ್ನುತ್ತಿದ್ದರು. ಬರಲೂ ಇಲ್ಲ. ಸಿಡುಬು ಬೇರೆ, ಚಿಕನ್ ಪಾಕ್ಸ್ ಬೇರೆ. ನಮ್ಮ ಕಡೆ ಎರಡಕ್ಕೂ ಅಮ್ಮ ಅಂತಲೇ ಹೇಳುತ್ತಾರೆ, ಆದರೆ ವೈರಸ್ ಬೇರೆ ಬೇರೆ. ಸಿಡುಬಂತೂ 1980ರ ಹೊತ್ತಿಗೆ ಲೋಕದಿಂದಲೇ ಹೋಯಿತು. ಆದರೂ ನಮ್ಮಜ್ಜಿಯ ಮೈಯಲ್ಲಿ ನಡೆದದ್ದೂ ನಿಮ್ಮ ಮೈಯಲ್ಲಿ ನಡೆದದ್ದೂ ಒಂದೇ.

ಹೊಸ ವೈರಸ್ ಒಳಗೆ ಬಂದಾಗ ಮೊದಲು ಎದುರಾಗುವುದು ಹುಟ್ಟಿನಿಂದಲೇ ಬಂದ ಕಾವಲು. ಚರ್ಮ, ಸಿಂಬಳ, ಜ್ವರ, ಸಿಕ್ಕಿದ್ದನ್ನು ನುಂಗಿ ಹಾಕುವ ಬಿಳಿ ರಕ್ತಕಣಗಳು. ಯಾವ ರೋಗ ಬಂದರೂ ಇವು ಹೆಚ್ಚು ಕಡಿಮೆ ಒಂದೇ ರೀತಿ ಎದುರಿಸುತ್ತವೆ. ಇವುಗಳ ಹಿಂದೆ ಇನ್ನೊಂದು ಗುಂಪಿದೆ, ಬಿ ಕಣಗಳು ಮತ್ತು ಟಿ ಕಣಗಳು. ಎರಡೂ ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಟಿ ಕಣಗಳು ಎದೆಮೂಳೆಯ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಗೆ ಹೋಗಿ ಬಲಿಯುತ್ತವೆ. ಒಂದೊಂದು ಕಣದ ಮೇಲೂ ಒಂದೊಂದು ಆಕಾರದ ಕೊಂಡಿ. ಅಂಥ ಕೋಟಿಗಟ್ಟಲೆ ಆಕಾರ. ನನಗೆ ಈಗಲೂ ಬೆರಗು ತರುವುದು ಇದು: ಯಾವ ರೋಗ ಬರುತ್ತದೆ ಅಂತ ಗೊತ್ತಾಗುವ ಮೊದಲೇ ಆ ಕೊಂಡಿಗಳು ತಯಾರಾಗಿರುತ್ತವೆ. ಕೆಲವೇ ಜೀನ್ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಮೈ ಇಷ್ಟು ಬಗೆ ಮಾಡಿಕೊಳ್ಳುತ್ತದೆ. ಅದನ್ನು ತೋರಿಸಿಕೊಟ್ಟ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಡ್ಡೆ ಕಟ್ಟುತ್ತದಲ್ಲ, ಗಂಟಲು ನೋವು ಬಂದರೆ ಕತ್ತಿನ ಪಕ್ಕ ಊದುತ್ತದಲ್ಲ, ಕೆಲಸ ನಡೆಯುವುದು ಅಲ್ಲಿ. ಬಂದ ರೋಗಾಣುವಿನ ತುಣುಕನ್ನು ಕೆಲವು ಕಣಗಳು ಹೊತ್ತು ಆ ಗಡ್ಡೆಗೆ ತರುತ್ತವೆ. ಲಕ್ಷಗಟ್ಟಲೆ ಕಣಗಳಲ್ಲಿ ಒಂದೋ ಎರಡೋ ಕಣದ ಕೊಂಡಿ ಅದಕ್ಕೆ ಹೊಂದುತ್ತದೆ. ಹೊಂದಿದ ಕಣ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಹಾಗೇ ಸಾವಿರಗಟ್ಟಲೆ. ಬಿ ಕಣಗಳು ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್, ಮಾಡಿ ರಕ್ತಕ್ಕೆ ಬಿಡುತ್ತವೆ. ಟಿ ಕಣಗಳಲ್ಲಿ ಕೆಲವು, ವೈರಸ್ ಹೊಕ್ಕ ಜೀವಕೋಶಗಳನ್ನೇ ಹುಡುಕಿ ಕೊಲ್ಲುತ್ತವೆ. ಇದೆಲ್ಲ ಪೂರ್ತಿ ಶಕ್ತಿಗೆ ಬರಲು ಒಂದರಿಂದ ಎರಡು ವಾರ ಬೇಕು. ಬಾಯಿಲೆಕ್ಕಕ್ಕೆ ಹತ್ತು ದಿನ ಅಂದುಕೊಳ್ಳಿ. ಈ ಹತ್ತು ದಿನವನ್ನು ನೆನಪಿಡಿ, ಮುಂದಿನ ಉತ್ತರಗಳಲ್ಲೂ ಅದು ಬರುತ್ತದೆ.

ಕಾಯಿಲೆ ಇಳಿದ ಮೇಲೆ ಆ ಕಣಗಳಲ್ಲಿ ಬಹುಪಾಲು ಸಾಯುತ್ತವೆ. ಎಲ್ಲವೂ ಅಲ್ಲ. ರಾಗಿ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಬೆಳೆದದ್ದರಲ್ಲಿ ಜಾಸ್ತಿ ಪಾಲು ಊಟಕ್ಕೆ ಮುಗಿಯುತ್ತದೆ, ಒಂದಿಷ್ಟನ್ನು ಬಿತ್ತನೆಗೆ ಎತ್ತಿಡುತ್ತೇವೆ. ಹಿಂದೆ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮೈಯೂ ಹಾಗೆ ಒಂದಿಷ್ಟು ಕಣಗಳನ್ನು ಎತ್ತಿಡುತ್ತದೆ. ನೆನಪಿನ ಕಣಗಳು ಅಂತಲೇ ಅವುಗಳ ಹೆಸರು. ಇನ್ನು ಕೆಲವು ಮಜ್ಜೆಯಲ್ಲಿ ಕೂತು ವರ್ಷಗಟ್ಟಲೆ ಸಣ್ಣಗೆ ಆಂಟಿಬಾಡಿ ಮಾಡುತ್ತಲೇ ಇರುತ್ತವೆ. ಅದೇ ವೈರಸ್ ಮತ್ತೆ ಬಂದರೆ ಹತ್ತು ದಿನ ಕಾಯಬೇಕಿಲ್ಲ. ಮೂರು ನಾಲ್ಕು ದಿನದಲ್ಲೇ ದೊಡ್ಡ ಪಡೆ ಏಳುತ್ತದೆ, ಮೊದಲಿಗಿಂತ ಚುರುಕಾದ ಆಂಟಿಬಾಡಿ ಬರುತ್ತದೆ. ನಿಮಗೆ ಗುಳ್ಳೆ ಏಳುವ ಮೊದಲೇ ಒಳಗೆ ಕೆಲಸ ಮುಗಿದಿತ್ತು.

ಎಷ್ಟು ವರ್ಷ ಉಳಿಯುತ್ತದೆ ಅಂತ ಕೇಳಿದಿರಿ. ಡೆನ್ಮಾರ್ಕಿಗೆ ಸೇರಿದ ಫೆರೋ ಎಂಬ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಅತ್ತ ಸುಳಿಯಲೇ ಇಲ್ಲ. 1846ರಲ್ಲಿ ಮತ್ತೆ ಬಂದಾಗ ಎಂಟು ಸಾವಿರಕ್ಕೂ ಕಡಿಮೆ ಇದ್ದ ಜನರಲ್ಲಿ ಸುಮಾರು ಆರು ಸಾವಿರ ಮಂದಿ ಮಲಗಿದರು. ಪೀಟರ್ ಪಾನುಮ್ ಎಂಬ 25 ವರ್ಷದ ಡಾಕ್ಟರು ಮನೆ ಮನೆ ತಿರುಗಿ ಬರೆದುಕೊಂಡರು. 1781ರಲ್ಲಿ ದಡಾರ ಆಗಿದ್ದ ಮುದುಕರು ಇನ್ನೂ ಬದುಕಿದ್ದರಲ್ಲ, ಅವರಲ್ಲಿ ಒಬ್ಬರಿಗೂ ಎರಡನೇ ಸಲ ಬರಲಿಲ್ಲ. ನಡುವೆ ಒಮ್ಮೆಯೂ ವೈರಸ್ ಕಾಣದೆ 65 ವರ್ಷ ಆ ನೆನಪು ಉಳಿದಿತ್ತು.

ನಿಮ್ಮ ಸೊಸೆಗೆ ಚಿಕ್ಕಂದಿನಲ್ಲಿ ಬಂದಿರಲಿಕ್ಕಿಲ್ಲ. ದೊಡ್ಡವರಿಗೆ ಬಂದರೆ ಚಿಕನ್ ಪಾಕ್ಸ್ ಮಕ್ಕಳಿಗಿಂತ ಜಾಸ್ತಿ ಕಾಡುತ್ತದೆ. ಕೆಮ್ಮು, ಉಸಿರಾಟದ ತೊಂದರೆ ಇದ್ದರೆ ಅಥವಾ ಆಕೆ ಬಸುರಿಯಾಗಿದ್ದರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಬೀದಿನಾಯಿ ಮೀನಖಂಡಕ್ಕೆ ಕಚ್ಚಿತು, ರಕ್ತ ಬಂತು. ಆಸ್ಪತ್ರೆಯಲ್ಲಿ ತೋಳಿಗೂ ಚುಚ್ಚಿದರು, ಗಾಯದೊಳಕ್ಕೂ ಚುಚ್ಚಿದರು. ಹುಡುಗ ಕಿರುಚಿಕೊಂಡ. ಆಮೇಲೂ ಮತ್ತೆ ಮತ್ತೆ ಬರಲು ಹೇಳಿದರು. ಗಾಯ ಒಣಗಿದೆ. ರೀಲಿಂಗ್ ಕೆಲಸ ಬಿಟ್ಟು ಇಷ್ಟು ಸಲ ಹೋಗಲೇಬೇಕಾ? ಪಕ್ಕದ ಮನೆಯವರಿಗೆ ಎರಡೇ ಇಂಜೆಕ್ಷನ್ ಸಾಕು ಅಂದರಂತೆ.
— ಒಬ್ಬ ತಂದೆ, ಶಿಡ್ಲಘಟ್ಟ

ಉತ್ತರ: ಹೋಗಲೇಬೇಕು ಅಣ್ಣ. ಒಂದು ದಿನದ ರೇಷ್ಮೆ ನಷ್ಟವಾದರೆ ನಾಳೆ ದುಡಿಯಬಹುದು. ರೇಬಿಸ್ ಲಕ್ಷಣ ಒಮ್ಮೆ ಶುರುವಾದರೆ ಉಳಿಸಿಕೊಳ್ಳಲು ನಮ್ಮ ಕೈಯಲ್ಲಿ ಔಷಧಿ ಇಲ್ಲ.

ಎರಡು ಬಗೆ ಇಂಜೆಕ್ಷನ್ ಯಾಕೆ ಅಂತ ಹೇಳುತ್ತೇನೆ. ತೋಳಿಗೆ ಹಾಕಿದ್ದು ಲಸಿಕೆ. ಅದರಲ್ಲಿ ಕೊಂದ ವೈರಸ್ ಇರುತ್ತದೆ. ಅದನ್ನು ನೋಡಿ ಮಗನ ಮೈಯೇ ಆಂಟಿಬಾಡಿ ಮಾಡಿಕೊಳ್ಳಬೇಕು. ಅದಕ್ಕೆ ಮೇಲೆ ಹೇಳಿದ ಆ ಹತ್ತು ದಿನ ಬೇಕು. ಆದರೆ ನಾಯಿಯ ಜೊಲ್ಲಿನಲ್ಲಿ ವೈರಸ್ ಇದ್ದರೆ ಅದು ಆಗಲೇ ಗಾಯದಲ್ಲಿ ಇಳಿದಿದೆ. ಅದು ಹತ್ತು ದಿನ ಕಾಯುವುದಿಲ್ಲ, ನರ ಹಿಡಿದು ಮಿದುಳಿನ ಕಡೆ ಹೊರಡುತ್ತದೆ. ಹಾಗಾಗಿ ಬೇರೆಯವರ ಮೈಯಲ್ಲೋ ಕುದುರೆಯ ಮೈಯಲ್ಲೋ ತಯಾರಾದ ಆಂಟಿಬಾಡಿಯನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಅದು ಬಂದ ಕ್ಷಣದಿಂದ ಕೆಲಸ ಮಾಡುತ್ತದೆ. ಆದರೆ ಅದು ಕೈಸಾಲ. ಕೆಲವು ವಾರದಲ್ಲಿ ಕರಗಿ ಹೋಗುತ್ತದೆ, ಏನನ್ನೂ ಕಲಿಸಿ ಹೋಗುವುದಿಲ್ಲ. ಅಷ್ಟರೊಳಗೆ ಲಸಿಕೆ ಕಲಿಸಿದ ಸ್ವಂತ ಆಂಟಿಬಾಡಿ ಎದ್ದು ನಿಂತಿರಬೇಕು. ಮೊದಲ ದಿನ ಗಾಯಕ್ಕೆ ಚುಚ್ಚುವುದು ತಪ್ಪಿಹೋದರೆ ಏಳು ದಿನದೊಳಗೆ ಹಾಕಬಹುದು. ಆಮೇಲೆ ಹಾಕುವುದಿಲ್ಲ. ಯಾಕೆ ಅಂದರೆ ಆ ಹೊತ್ತಿಗೆ ಮೈಯೇ ಶುರು ಮಾಡಿರುತ್ತದೆ.

ಲಸಿಕೆಯನ್ನು ಮತ್ತೆ ಮತ್ತೆ ಕೊಡುವುದೂ ಅದೇ ಕಾರಣಕ್ಕೆ. ಒಂದೊಂದು ಸಲ ತೋರಿಸಿದಾಗಲೂ ಮೈಯ ಕಣಗಳು ಇನ್ನಷ್ಟು ಬೆಳೆಯುತ್ತವೆ, ಗುರುತು ಇನ್ನಷ್ಟು ಚುರುಕಾಗುತ್ತದೆ. ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೇ ದಿನ. ಚರ್ಮದ ಪದರಕ್ಕೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28. ನಿಮ್ಮ ಚೀಟಿಯಲ್ಲಿ ಯಾವುದು ಬರೆದಿದೆಯೋ ಅದನ್ನು ತಪ್ಪಿಸಬೇಡಿ. ಗಾಯ ಒಣಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕಚ್ಚಿ ಒಂದರಿಂದ ಮೂರು ತಿಂಗಳಾದ ಮೇಲೆ ರೇಬಿಸ್ ಕಾಣಿಸಿಕೊಳ್ಳುವುದೇ ಜಾಸ್ತಿ.

ಪಕ್ಕದ ಮನೆಯವರು ಹಿಂದೆ ಒಮ್ಮೆ ಪೂರ್ತಿ ಹಾಕಿಸಿಕೊಂಡಿರಬೇಕು. ಅಂಥವರಿಗೆ ಮತ್ತೆ ಕಚ್ಚಿದರೆ ಮೊದಲ ದಿನ ಒಂದು, ಮೂರನೇ ದಿನ ಒಂದು, ಎರಡೇ ಡೋಸ್ ಸಾಕು. ಗಾಯಕ್ಕೆ ಚುಚ್ಚುವುದೂ ಬೇಕಿಲ್ಲ. ಅವರ ಮೈಯಲ್ಲಿ ಬಿತ್ತನೆ ರಾಗಿ ಇದೆ. ನಿಮ್ಮ ಮಗನಿಗೆ ಈಗ ಅದನ್ನೇ ತುಂಬಿಸುತ್ತಿದ್ದೀರಿ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಾಯಿ ಕಚ್ಚಿದ ತಕ್ಷಣ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ. ಖಾರದ ಪುಡಿ, ಸುಣ್ಣ, ಕಾಫಿಪುಡಿ ಏನೂ ಬೇಡ.

ಪ್ರಶ್ನೆ: ಮಗನಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಇಂಜೆಕ್ಷನ್ ಹಾಕಿಸಲು ಆಶಾ ಅಕ್ಕ ಬಂದು ಬಂದು ಹೋಗುತ್ತಿದ್ದಾರೆ. ನಮ್ಮ ಅತ್ತೆ ಬೇಡ ಅನ್ನುತ್ತಾರೆ. ದಡಾರ ತಾನಾಗೇ ಬಂದು ಹೋದರೆ ಮಗು ಗಟ್ಟಿಯಾಗುತ್ತದೆ, ಸೂಜಿಯಿಂದ ಬಂದದ್ದು ಗಟ್ಟಿಯಲ್ಲ ಅಂತ. ಏನು ಹೇಳಲಿ?
— ಒಬ್ಬ ತಾಯಿ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನು ಒಪ್ಪಿಕೊಳ್ಳಿ, ಆಗ ಉಳಿದರ್ಧವನ್ನು ಅವರು ಕೇಳುತ್ತಾರೆ. ದಡಾರ ಬಂದು ಉಳಿದುಕೊಂಡ ಮಗುವಿಗೆ ದಡಾರ ಮತ್ತೆ ಬರುವುದಿಲ್ಲ, ಅದು ನಿಜ. ಫೆರೋದ ಮುದುಕರ ಕಥೆ ಮೇಲೆ ಬರೆದಿದ್ದೇನಲ್ಲ.

ಆದರೆ ದಡಾರಕ್ಕೆ ಒಂದು ಕೆಟ್ಟ ಗುಣ ಇದೆ. ಆ ವೈರಸ್ ಹೊಕ್ಕು ಹಾಳು ಮಾಡುವುದು ನೆನಪಿನ ಕಣಗಳನ್ನೇ. ಅಂದರೆ ಮಗು ಅಲ್ಲಿಯವರೆಗೆ ಬೇರೆ ಕಾಯಿಲೆಗಳ ಬಗ್ಗೆ ಕಲಿತದ್ದನ್ನು ಅಳಿಸಿ ಹಾಕುತ್ತದೆ. ಲಸಿಕೆ ಹಾಕಿಸಿಕೊಳ್ಳದ ನೆದರ್ಲೆಂಡ್ಸಿನ 77 ಮಕ್ಕಳ ರಕ್ತವನ್ನು ದಡಾರ ಬರುವ ಮೊದಲು ಮತ್ತು ಬಂದ ಮೇಲೆ ಪರೀಕ್ಷೆ ಮಾಡಿದ್ದರು. 2019ರಲ್ಲಿ ಅದು ಪ್ರಕಟವಾಯಿತು. ಆ ಮಕ್ಕಳಿಗೆ ಬೇರೆ ರೋಗಗಳ ವಿರುದ್ಧ ಇದ್ದ ಆಂಟಿಬಾಡಿಯಲ್ಲಿ ನೂರಕ್ಕೆ 11ರಿಂದ 73ರಷ್ಟು ಹೋಗಿತ್ತು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಹೀಗಾಗಿರಲಿಲ್ಲ. ದಡಾರ ಇಳಿದು ತಿಂಗಳಾದ ಮೇಲೆ ಮಗು ಬೇಧಿಯಿಂದಲೋ ನ್ಯುಮೋನಿಯಾದಿಂದಲೋ ಮಲಗುವುದನ್ನು ನಮ್ಮ ಹಿರಿಯರು ನೋಡಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಹಾಗಾಗಿ ಗಟ್ಟಿಯಾಗುತ್ತದೆ ಅನ್ನುವುದು ದಡಾರದ ಮಟ್ಟಿಗೆ ತಿರುಗಾಮುರುಗಾ.

ಇನ್ನು ಧನುರ್ವಾಯು ನೋಡಿ. ಅದು ಬಂದು ಬದುಕಿದವರಿಗೂ ಅದರ ವಿರುದ್ಧ ಶಕ್ತಿ ಬರುವುದಿಲ್ಲ. ಮನುಷ್ಯನನ್ನು ಕೊಲ್ಲಲು ಬೇಕಾದ ವಿಷ ಎಷ್ಟು ಸಣ್ಣ ಪ್ರಮಾಣದ್ದು ಅಂದರೆ, ಮೈಗೆ ಅದರ ಗುರುತು ಸಿಗುವಷ್ಟೂ ಇರುವುದಿಲ್ಲ. ಗುಣವಾದ ಮೇಲೆ ಅವರಿಗೂ ಲಸಿಕೆಯನ್ನೇ ಹಾಕಬೇಕು. ಅಲ್ಲಿ ತಾನಾಗೇ ಬಂದದ್ದಕ್ಕಿಂತ ಸೂಜಿಯದ್ದೇ ಗಟ್ಟಿ.

ಇದನ್ನು ಬರೆಯುವಾಗ ನನಗೆ ಒಂದು ಮಗುವಿನ ಮುಖ ಕಣ್ಣ ಮುಂದೆ ಬರುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಸಂಜೆ, ಕರೆಂಟ್ ಇರಲಿಲ್ಲ. ತಂದೆ ಹೆಗಲ ಮೇಲೆ ನಾಲ್ಕು ವರ್ಷದ ಹುಡುಗಿಯನ್ನು ಹೊತ್ತು ಬಂದರು. ಕತ್ತು ಊದಿ ಗದ್ದಕ್ಕೆ ಸಮ ಆಗಿತ್ತು. ಉಸಿರು ಎಳೆದಾಗ ಶಬ್ದ. ಟಾರ್ಚ್ ಹಿಡಿದು ಬಾಯಿ ತೆಗೆಸಿದೆ. ಗಂಟಲಿನ ಹಿಂದೆ ಬೂದು ಬಣ್ಣದ ಪೊರೆ, ಹಸಿ ತೊಗಲಿನ ತುಂಡು ಅಂಟಿಸಿದ ಹಾಗೆ. ಗಂಟಲುಮಾರಿ. ಒಂದೂ ಇಂಜೆಕ್ಷನ್ ಆಗಿರಲಿಲ್ಲ. ಅದರ ವಿಷಕ್ಕೆ ಪ್ರತಿವಿಷ ಇದೆ. ಬರ್ಲಿನ್‌ನಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ 1890ರಲ್ಲೇ ದಾರಿ ತೋರಿಸಿದ್ದು, ಕುದುರೆಯ ರಕ್ತದಿಂದ ತಯಾರಾಗುವ ಅದೇ ಕೈಸಾಲದ ಆಂಟಿಬಾಡಿ. ನಾನಿದ್ದ ಆಸ್ಪತ್ರೆಯಲ್ಲಿ ಅವತ್ತು ಅದು ಇರಲಿಲ್ಲ. ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಕೊಟ್ಟರು. ಆದರೆ ವಿಷ ಜೀವಕೋಶದ ಒಳಗೆ ಹೋದ ಮೇಲೆ ಪ್ರತಿವಿಷ ಅದನ್ನು ಮುಟ್ಟಲಾರದು. ನಾಲ್ಕನೇ ದಿನ ಹೃದಯ ಸೋತಿತು. ಆ ಮಗುವಿನ ಮೈ ಆಂಟಿಬಾಡಿ ಮಾಡಿಕೊಳ್ಳಲು ಹೊರಟೇ ಇತ್ತು. ಅದಕ್ಕೆ ಬೇಕಾದ ಹತ್ತು ದಿನ ಸಿಗಲಿಲ್ಲ.

ಲಸಿಕೆ ಮಾಡುವುದು ಇಷ್ಟೇ. ಆ ಹತ್ತು ದಿನವನ್ನು, ಮಗು ಆಡಿಕೊಂಡಿರುವಾಗಲೇ ಮುಂಚಿತವಾಗಿ ಕೊಟ್ಟುಬಿಡುತ್ತದೆ. ದಡಾರದ ಲಸಿಕೆಯಲ್ಲಿ ಇರುವುದು ಶಕ್ತಿ ಕುಂದಿಸಿದ ಅದೇ ವೈರಸ್. ಕಲಿಯುವ ಮೈ ನಿಮ್ಮ ಮಗುವಿನದೇ. ಅದರಲ್ಲಿ ಕೃತಕ ಏನೂ ಇಲ್ಲ.

ಒಂಬತ್ತು ತಿಂಗಳು ಯಾಕೆ, ಹುಟ್ಟಿದ ತಕ್ಷಣ ಯಾಕಿಲ್ಲ ಅಂತಲೂ ಅತ್ತೆ ಕೇಳಬಹುದು. ಬಸುರಿಯಲ್ಲಿ ತಾಯಿಯ ಆಂಟಿಬಾಡಿ ಮಗುವಿಗೆ ಇಳಿದಿರುತ್ತದೆ. ಅದು ಇರುವವರೆಗೆ ಲಸಿಕೆಯ ವೈರಸ್ಸನ್ನೂ ಅದೇ ಹಿಡಿದು ಹಾಕುತ್ತದೆ, ಮಗುವಿನ ಮೈಗೆ ಪಾಠ ಆಗುವುದಿಲ್ಲ. ಒಂಬತ್ತು ತಿಂಗಳ ಹೊತ್ತಿಗೆ ಅದು ಸವೆದಿರುತ್ತದೆ. ಎರಡನೇ ಡೋಸ್ 16ರಿಂದ 24 ತಿಂಗಳ ನಡುವೆ. ಮೈಸೂರು ಅರಮನೆಯದು ಅಂತ ಹೇಳುವ 1805ರ ಸುಮಾರಿನ ಒಂದು ಚಿತ್ರವಿದೆ. ಅದರಲ್ಲಿ ರಾಣಿಯೊಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನಕ್ಕೆ ತೋರಿಸುವುದಕ್ಕೆ ಅಂತ ಇತಿಹಾಸಕಾರರು ಅದನ್ನು ಓದಿದ್ದಾರೆ. ಅತ್ತೆಯವರಿಗೆ ಇದನ್ನೂ ಹೇಳಿ. ಅವರ ತೋಳಿನ ಮೇಲೂ ಒಂದು ದುಂಡನೆ ಗುರುತು ಇದ್ದೀತು, ಸೆರಗು ಸರಿಸಿ ನೋಡಲಿ.

ಪ್ರಶ್ನೆ: ನಾವು ಡೇರಿಗೆ ಹಾಲು ಹಾಕುವವರು. ಹಸು ಕರು ಹಾಕಿದ ದಿನ ಗಿಣ್ಣು ಹಾಲು ಕರೆದು ನೆಂಟರಿಗೆ, ಅಕ್ಕಪಕ್ಕದವರಿಗೆ ಕೊಡುವುದು ನಮ್ಮಲ್ಲಿ ರೂಢಿ. ಹೋದ ಸಲದ ಕರು ಎಂಟು ದಿನಕ್ಕೆ ಬೇಧಿಯಾಗಿ ಸತ್ತಿತು. ಕರುವಿಗೆ ಗಿಣ್ಣು ಕುಡಿಸಬೇಕಿತ್ತು ಅಂದರು ಪಶು ಡಾಕ್ಟರು. ಒಂದು ದಿನ ತಪ್ಪಿದರೆ ಅಷ್ಟಾಗುತ್ತದಾ? ಮಕ್ಕಳಿಗೂ ಹಾಗೇನಾ?
— ಒಬ್ಬ ಗೃಹಿಣಿ, ಮಾಲೂರು ತಾಲ್ಲೂಕು

ಉತ್ತರ: ಆಗುತ್ತದಮ್ಮ. ನಾನು ಮನುಷ್ಯರ ಡಾಕ್ಟರು, ಆದರೂ ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ.

ಮನುಷ್ಯರಲ್ಲಿ ತಾಯಿಯ ಆಂಟಿಬಾಡಿ ಬಸುರಿಯಲ್ಲೇ ಮಾಸಿನ, ಅಂದರೆ ಹೆರಿಗೆಯಾದ ಮೇಲೆ ಹೊರಬೀಳುವ ಪ್ಲಾಸೆಂಟಾದ, ಮೂಲಕ ಮಗುವಿಗೆ ಇಳಿಯುತ್ತದೆ. ಹಸುವಿನಲ್ಲಿ ಇಳಿಯುವುದಿಲ್ಲ. ಅದರ ಮಾಸಿನ ರಚನೆಯೇ ಹಾಗಿದೆ. ಕರು ಭೂಮಿಗೆ ಬೀಳುವಾಗ ಅದರ ರಕ್ತದಲ್ಲಿ ಆಂಟಿಬಾಡಿ ಇಲ್ಲ ಅಂತಲೇ ಲೆಕ್ಕ. ಅದಕ್ಕೆ ಸಿಗುವುದೆಲ್ಲ ಗಿಣ್ಣಿನಿಂದಲೇ. ಗಿಣ್ಣು ಹಾಲು ಮಂದವಾಗಿ, ಹಳದಿಯಾಗಿ ಇರುತ್ತದಲ್ಲ. ಒಲೆಯ ಮೇಲಿಟ್ಟರೆ ಹೆಪ್ಪಿಲ್ಲದೆ ಗಟ್ಟಿಯಾಗುತ್ತದಲ್ಲ. ನೀವು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಚಾಕುವಿನಲ್ಲಿ ಕೊಯ್ದು ಕೊಡುವ ಆ ತುಂಡು ನಿಲ್ಲುವುದು ಅದರಲ್ಲಿರುವ ಪ್ರೋಟೀನ್‌ನಿಂದ. ಆ ಪ್ರೋಟೀನ್‌ನಲ್ಲಿ ದೊಡ್ಡ ಪಾಲು ಆಂಟಿಬಾಡಿಯೇ. ಹುಟ್ಟಿದ ಕರುವಿನ ಕರುಳು ಅದನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಆ ಬಾಗಿಲು ಆರು ಗಂಟೆಯ ಹೊತ್ತಿಗೆ ಮುಚ್ಚತೊಡಗುತ್ತದೆ. 24 ಗಂಟೆಗೆ ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಅದು ಬರೀ ಆಹಾರ.

ಹಾಗಾಗಿ ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಗಿಣ್ಣು ಕರುವಿಗೇ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು. 30 ಕಿಲೋ ತೂಗುವ ಸೀಮೆ ಕರುವಿಗೆ ಸುಮಾರು ಮೂರು ಲೀಟರ್, ಎರಡು ಮೂರು ಸಲಕ್ಕೆ. ಸೀಮೆ ಹಸು ಅಷ್ಟು ಕುಡಿಸಿದ ಮೇಲೂ ನೆಂಟರಿಗೆ ಕೊಡುವಷ್ಟು ಕೊಡುತ್ತದೆ. ಎರಡನೇ ದಿನದ್ದನ್ನೂ ಬೇಯಿಸಿದರೆ ಗಟ್ಟಿಯಾಗುತ್ತದೆ. ರೂಢಿ ಬಿಡಬೇಕಿಲ್ಲ, ಸರದಿ ಬದಲಾಯಿಸಿ.

ಮಕ್ಕಳಿಗೂ ಬಾಣಂತಿಯ ಮೊದಲ ಹಳದಿ ಹಾಲು ಬೇಕೇ ಬೇಕು. ಅದರಲ್ಲಿರುವ ಆಂಟಿಬಾಡಿ ರಕ್ತಕ್ಕೆ ಹೋಗುವುದಿಲ್ಲ, ಮಗುವಿನ ಬಾಯಿ, ಗಂಟಲು, ಕರುಳಿನ ಒಳಮೈಗೆ ಲೇಪದ ಹಾಗೆ ಕೂತು ಬೇಧಿಯ ರೋಗಾಣುಗಳನ್ನು ತಡೆಯುತ್ತದೆ. ಇನ್ನೂ ಕೆಲವು ಮನೆಗಳಲ್ಲಿ ಅದನ್ನು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯ.

ಪ್ರಶ್ನೆ: ಹೋದ ವರ್ಷ ಡೆಂಗಿ ಬಂದು ಗುಣವಾಯಿತು. ಇನ್ನು ನನಗೆ ಬರುವುದಿಲ್ಲ ಅಲ್ವಾ? ದಿನಾ ಇಮ್ಯುನಿಟಿಗೆ ಅಂತ ಕಷಾಯವನ್ನೂ ಕುಡಿಯುತ್ತಿದ್ದೇನೆ.
— ಕಾಲೇಜು ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಬರಬಹುದು ಮಗು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ನಿನಗೆ ಬಂದ ಬಗೆಯ ವಿರುದ್ಧ ಶಕ್ತಿ ಇರುತ್ತದೆ. ಉಳಿದ ಮೂರರ ವಿರುದ್ಧ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆಯದನ್ನು ಹೊತ್ತ ಸೊಳ್ಳೆ ಕಚ್ಚಿದರೆ ಹಳೆಯ ಆಂಟಿಬಾಡಿ ಅದಕ್ಕೆ ಅರೆಬರೆ ಅಂಟುತ್ತದೆ. ಕೊಲ್ಲುವಷ್ಟು ಅಂಟುವುದಿಲ್ಲ, ಬದಲಿಗೆ ವೈರಸ್ಸನ್ನು ಜೀವಕೋಶದೊಳಗೆ ಸಾಗಿಸಲು ನೆರವಾಗುತ್ತದೆ. ಅದಕ್ಕೇ ಎರಡನೇ ಡೆಂಗಿ ಮೊದಲನೆಯದಕ್ಕಿಂತ ಜೋರಾಗುವ ಸಾಧ್ಯತೆ ಜಾಸ್ತಿ. ಮುಂದೆ ಜ್ವರ ಬಂದರೆ ಡಾಕ್ಟರಿಗೆ ಹಿಂದೆ ಡೆಂಗಿ ಆಗಿತ್ತು ಅಂತ ಮೊದಲೇ ಹೇಳು. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಇದ್ದರೆ ಆಸ್ಪತ್ರೆಗೆ ಓಡು. ಡ್ರಮ್ಮು, ಸಿಮೆಂಟ್ ತೊಟ್ಟಿ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ.

ಕಷಾಯ ಗಂಟಲಿಗೆ ಹಿತ, ಕುಡಿ. ಆದರೆ ಮೈ ಗುರುತು ಹಿಡಿಯುವುದು ರೋಗಾಣುವನ್ನು ಕಂಡೇ. ಮೆಣಸು ಶುಂಠಿಗೆ ಅದನ್ನು ಕಲಿಸಲು ಆಗುವುದಿಲ್ಲ. ಆ ಕಣಗಳು ಬೆಳೆಯಲು ಬೇಕಾದ್ದು ಹೊಟ್ಟೆ ತುಂಬ ಊಟ, ನಿದ್ದೆ. ಮುದ್ದೆ, ಕಾಳಿನ ಸಾರು, ಸೊಪ್ಪು, ಮೊಟ್ಟೆ ಬಿಡಬೇಡ.

ಪ್ರಶ್ನೆ: ನಿವೃತ್ತ ಶಿಕ್ಷಕ, 68 ವರ್ಷ. ಸೊಂಟದ ಒಂದು ಪಕ್ಕಕ್ಕೆ ಸರ್ಪಸುತ್ತು ಆಗಿ ಉರಿ ತಡೆಯಲಾಗಲಿಲ್ಲ. ಕೆಮ್ಮಣ್ಣು ಹಚ್ಚಿಸಿದೆ. ಇದು ಚಿಕನ್ ಪಾಕ್ಸ್‌ನ ವೈರಸ್ ಅಂದರು. ಒಂದು ಸಲ ಬಂದರೆ ಮತ್ತೆ ಬರುವುದಿಲ್ಲ ಅನ್ನುತ್ತೀರಲ್ಲ?
— ಗೌರಿಬಿದನೂರು

ಉತ್ತರ: ಮೇಷ್ಟ್ರೇ, ಸರಿಯಾದ ಜಾಗದಲ್ಲೇ ಹಿಡಿದಿರಿ. ಚಿಕನ್ ಪಾಕ್ಸ್ ಹೊರಗಿನಿಂದ ಮತ್ತೆ ಬರುವುದು ಅಪರೂಪ. ಆದರೆ ಮೊದಲ ಸಲ ಬಂದ ವೈರಸ್ ಪೂರ್ತಿ ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅವಿತು ಕೂರುತ್ತದೆ. ಟಿ ಕಣಗಳು ಅದನ್ನು ಹತ್ತಾರು ವರ್ಷ ಅಲ್ಲೇ ಅದುಮಿ ಇಟ್ಟಿರುತ್ತವೆ. ವಯಸ್ಸಾದಂತೆ ಆ ಹಿಡಿತ ಸಡಿಲವಾಗುತ್ತದೆ. ಆಗ ಅದು ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಮೈಯ ಒಂದೇ ಪಕ್ಕಕ್ಕೆ, ಪಟ್ಟಿಯ ಹಾಗೆ ಏಳುವುದು.

ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಕೆಮ್ಮಣ್ಣಿನಲ್ಲಿ ಕಳೆದುಹೋಗುವುದು ಆ ಮೂರು ದಿನ. ಅದೊಂದೇ ನನ್ನ ತಕರಾರು. ಒಡೆದ ಗುಳ್ಳೆಯ ಮೇಲೆ ಮಣ್ಣು ಬಿದ್ದರೆ ಕೀವೂ ಆದೀತು. ಗುಳ್ಳೆ ಒಣಗುವವರೆಗೆ ಪುಟ್ಟ ಮಕ್ಕಳನ್ನು, ಬಸುರಿಯರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಚಿಕನ್ ಪಾಕ್ಸ್ ಆಗದವರಿಗೆ ನಿಮ್ಮಿಂದ ಅದು ಹತ್ತಬಹುದು. 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಎರಡು ಡೋಸ್. ಬೆಲೆ ಜಾಸ್ತಿ. ನೋವು ಪೂರ್ತಿ ಇಳಿದ ಮೇಲೆ ನಿಮ್ಮ ಡಾಕ್ಟರ ಹತ್ತಿರ ಅದರ ಬಗ್ಗೆ ಮಾತಾಡಿ.

ಪ್ರಶ್ನೆ: ಮಗಳಿಗೆ ಎಂಟು ತಿಂಗಳು. ಒಂದೂವರೆ ತಿಂಗಳಿಗೆ ಹಾಕುವ ಐದು ರೋಗದ ಇಂಜೆಕ್ಷನ್ ಒಂದು ಆಗಿದೆ. ಆಮೇಲೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿದ್ದೆವು, ತಪ್ಪಿತು. ಮೊದಲಿಂದ ಶುರು ಮಾಡಬೇಕಾ? ಬೈಯುತ್ತಾರೆ ಅಂತ ಹೋಗಿಲ್ಲ.
— ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ಮೊದಲಿಂದ ಬೇಡಮ್ಮ. ಆ ಒಂದು ಡೋಸ್ ಕಲಿಸಿದ್ದನ್ನು ಮಗುವಿನ ಮೈ ಮರೆತಿಲ್ಲ. ಆದರೆ ಒಂದೇ ಡೋಸ್‌ನ ಪಾಠ ಸಾಲದು. ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುತ್ತಾರೆ. ಈ ಗುರುವಾರವೇ ಅಂಗನವಾಡಿಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೋಗಿ ಎರಡನೆಯದು ಹಾಕಿಸಿ. ನಾಲ್ಕು ವಾರ ಬಿಟ್ಟು ಮೂರನೆಯದು. ಅಷ್ಟರಲ್ಲಿ ಒಂಬತ್ತು ತಿಂಗಳು ತುಂಬಿರುತ್ತದೆ, ದಡಾರದ್ದನ್ನೂ ಅವತ್ತೇ ಇನ್ನೊಂದು ಕಡೆ ಹಾಕುತ್ತಾರೆ. ಒಂದೇ ದಿನ ಎರಡು ಮೂರು ಹಾಕಿದರೆ ಮಗುವಿಗೆ ಭಾರವಾಗುವುದಿಲ್ಲ. ರಾತ್ರಿ ಸ್ವಲ್ಪ ಜ್ವರ ಬರಬಹುದು, ಚುಚ್ಚಿದ ಜಾಗ ಗಟ್ಟಿಯಾಗಬಹುದು. ಒಳಗೆ ಕೆಲಸ ಶುರುವಾಗಿದೆ ಅಂತ ಅರ್ಥ.

ಯಾರಾದರೂ ಬೈದರೆ ಈ ಪುಟವನ್ನು ತೋರಿಸಿ, ನಾನು ಹೇಳಿ ಕಳಿಸಿದೆ ಅನ್ನಿ. ತಾಯಿ ಕಾರ್ಡ್ ಜೊತೆಗೆ ಒಯ್ಯಿರಿ. ಕಳೆದುಹೋಗಿದ್ದರೆ ಮೊದಲ ಡೋಸ್ ಹಾಕಿಸಿದ ಊರು, ತಿಂಗಳು ಹೇಳಿ. ಅಲ್ಲಿಯ ರಿಜಿಸ್ಟರ್‌ನಲ್ಲಿ ನಿಮ್ಮ ಮಗಳ ಹೆಸರು ಇರುತ್ತದೆ.